ಕವಲುಗಳು ಕೂಡುವಲ್ಲಿ: ಜೀವವಿಕಾಸದಲ್ಲಿ ಬೆರಕೆಯ ಪಾತ್ರ

ಚಾರ್ಲ್ಸ್ ಡಾರ್ವಿನ್ 1837ರಲ್ಲಿ ತಮ್ಮ ಟಿಪ್ಪಣಿ ಪುಸ್ತಕವೊಂದರಲ್ಲಿ ಕವಲೊಡೆಯುವ ಒಂದು ಸಣ್ಣ ಗೀಟುಚಿತ್ರ ಬರೆದುಕೊಂಡರು. ಇಪ್ಪತ್ತೆರಡು ವರ್ಷಗಳ ನಂತರ, 1859ರಲ್ಲಿ, ಪ್ರಭೇದಗಳ ಉಗಮವನ್ನು ಕುರಿತ ಅವರ ಗ್ರಂಥ ಅಚ್ಚಾದಾಗ ಅದರಲ್ಲಿದ್ದುದು ಒಂದೇ ಒಂದು ಚಿತ್ರ, ಅದೂ ಕವಲುಗಳದೇ. ಅಂದಿನಿಂದ ಇಂದಿನವರೆಗೆ ಜೀವವಿಕಾಸ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಬುಡದಿಂದ ಮೇಲೆದ್ದು ರೆಂಬೆ ರೆಂಬೆಯಾಗಿ ಹರಡುವ ಮರ. ಈ ಚಿತ್ರಕ್ಕಿರುವ ಶಕ್ತಿ ದೊಡ್ಡದು. ಹುಲಿ ಮತ್ತು ಬೆಕ್ಕು, ಮಾವು ಮತ್ತು ಗೇರು, ಹೀಗೆ ಯಾವ ಎರಡು ಜೀವಿಗಳನ್ನು ತೆಗೆದುಕೊಂಡರೂ ಕಾಲದಲ್ಲಿ ಹಿಂದಕ್ಕೆ ಹೋಗುತ್ತ ಹೋದರೆ ಎಲ್ಲೋ ಒಂದು ಕಡೆ ಅವುಗಳ ವಂಶ ಒಂದೇ ಆಗುತ್ತದೆ ಎಂಬ ಮಹತ್ತ್ವದ ಸತ್ಯವನ್ನು ಅದು ಒಂದೇ ನೋಟದಲ್ಲಿ ತೋರಿಸಿಬಿಡುತ್ತದೆ. ಆದರೆ ಆ ಚಿತ್ರದೊಳಗೆ ಯಾರೂ ಬಾಯಿಬಿಟ್ಟು ಹೇಳದ ಒಂದು ಷರತ್ತೂ ಸೇರಿಕೊಂಡಿದೆ: ಒಮ್ಮೆ ಅಗಲಿದ ಕವಲುಗಳು ಮತ್ತೆ ಕೂಡುವುದಿಲ್ಲ. ಈ ಉಪನ್ಯಾಸದಲ್ಲಿ ನಾನು ಪರೀಕ್ಷೆಗೆ ಒಡ್ಡುವುದು ಆ ಷರತ್ತನ್ನು. ಜೀನೋಮನ್ನು ಆದಿಯಿಂದ ಅಂತ್ಯದವರೆಗೆ ಓದುವ ವಿದ್ಯೆ ಕೈಗೆ ಬಂದ ಮೇಲೆ, ಕಳೆದ ಎರಡು ದಶಕಗಳಲ್ಲಿ ದೊರೆತ ಸಾಕ್ಷ್ಯವನ್ನು ಒಟ್ಟಿಗೆ ಇಟ್ಟು ನೋಡಿದರೆ, ಅಗಲಿದ ವಂಶಗಳ ನಡುವಿನ ಬೆರಕೆಯನ್ನು ಪ್ರಕೃತಿಯ ಎಡವಟ್ಟು ಎಂದು ಬದಿಗೆ ಸರಿಸುವುದು ಇನ್ನು ಸಾಧ್ಯವಿಲ್ಲ. ಅದು ಹೊಸತನ ಹುಟ್ಟುವ ಸಾಮಾನ್ಯ ದಾರಿಗಳಲ್ಲಿ ಒಂದು. ಸಸ್ಯಗಳಿಗೆ ಹೇಗೋ ಪ್ರಾಣಿಗಳಿಗೂ ಹಾಗೆಯೇ. ಬೆರಕೆ ತಾನಾಗಿ ಏನನ್ನೂ ಕಟ್ಟುವುದಿಲ್ಲ ಎಂಬುದನ್ನೂ ಮೊದಲಿಗೇ ಹೇಳಿಬಿಡಬೇಕು. ಅದು ಸಾಮಗ್ರಿ ಒದಗಿಸುತ್ತದೆ. ಆರಿಸುವ ಕೆಲಸ ನೈಸರ್ಗಿಕ ಆಯ್ಕೆಯದೇ.

ನಮ್ಮವರಿಗೆಲ್ಲ ಪರಿಚಿತವಾದ ಒಂದು ಗಿಡದಿಂದ ಆರಂಭಿಸುತ್ತೇನೆ. ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳಲ್ಲಿ ಬೆಳೆಯುವ ಕಾಫಿ ಎರಡು ಬಗೆ: ಅರೇಬಿಕಾ, ರೊಬಸ್ಟಾ. ಇವನ್ನು ನಾವು ಅಕ್ಕತಂಗಿಯರೆಂದು ಭಾವಿಸುತ್ತೇವೆ. ನಿಜಕ್ಕೂ ಇವುಗಳ ಸಂಬಂಧ ತಾಯಿ ಮಕ್ಕಳ ಸಂಬಂಧಕ್ಕೆ ಹತ್ತಿರದ್ದು. ರೊಬಸ್ಟಾದ ಜೀವಕೋಶದಲ್ಲಿ 22 ವರ್ಣತಂತುಗಳಿವೆ. ಪೂರ್ವ ಆಫ್ರಿಕಾದ ಎತ್ತರದ ಕಾಡುಗಳಲ್ಲಿರುವ ಯೂಜಿನಿಯಾಯ್ಡಿಸ್ ಎಂಬ ಕಾಡುಕಾಫಿಯಲ್ಲೂ 22. ಅರೇಬಿಕಾದಲ್ಲಿ 44. ಆ 44ರಲ್ಲಿ ಅರ್ಧ ರೊಬಸ್ಟಾದ ಪೂರ್ವಜರಿಂದಲೂ ಇನ್ನರ್ಧ ಯೂಜಿನಿಯಾಯ್ಡಿಸ್‌ನ ಪೂರ್ವಜರಿಂದಲೂ ಬಂದವು. ಎರಡು ಪ್ರಭೇದಗಳು ಕೂಡಿ, ಎರಡರ ವರ್ಣತಂತುಗಳೂ ಪೂರ್ತಿಯಾಗಿ ಉಳಿದುಕೊಂಡು ಹುಟ್ಟಿದ ಗಿಡ ಅದು. 2024ರಲ್ಲಿ ‘ನೇಚರ್ ಜೆನೆಟಿಕ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನ ಈ ಕೂಡಿಕೆಯ ಕಾಲವನ್ನು 3.5 ಲಕ್ಷದಿಂದ 6.1 ಲಕ್ಷ ವರ್ಷಗಳ ಹಿಂದೆ ಎಂದು ಅಂದಾಜು ಮಾಡಿತು. ಆಗ ಕಾಫಿ ಕುಡಿಯುವವರೂ ಇರಲಿಲ್ಲ, ತಳಿ ಬೆಸೆಯುವವರೂ ಇರಲಿಲ್ಲ. ಎರಡೂ ಪೋಷಕ ಪ್ರಭೇದಗಳು ತಮ್ಮದೇ ಪರಾಗದಿಂದ ಕಾಯಿ ಕಟ್ಟಲಾರವು. ಮಗುವಾದ ಅರೇಬಿಕಾ ಕಟ್ಟಬಲ್ಲದು. ಒಂಟಿ ಗಿಡವೂ ವಂಶ ಮುಂದುವರಿಸಬಲ್ಲ ಈ ಗುಣ ಪೋಷಕರಲ್ಲಿ ಇಲ್ಲದ್ದು, ಬೆರಕೆಯಿಂದ ದಕ್ಕಿದ್ದು.

ಆದರೆ ಆ ಕಥೆಗೆ ಇನ್ನೊಂದು ಮಗ್ಗುಲೂ ಇದೆ, ಮತ್ತು ನನ್ನ ವಾದಕ್ಕೆ ಅದು ಹೆಚ್ಚು ಮುಖ್ಯ. ಇಡೀ ಪ್ರಭೇದ ಇಷ್ಟು ಕಿರಿದಾದ ಮೂಲದಿಂದ ಬಂದುದರಿಂದ ಅರೇಬಿಕಾದಲ್ಲಿ ಆನುವಂಶಿಕ ವೈವಿಧ್ಯ ತೀರ ಕಡಿಮೆ. ಎಲೆ ತುಕ್ಕು ರೋಗ ಬಂದಾಗ ಅದಕ್ಕೆ ಎದುರು ನಿಲ್ಲುವ ಗಿಡಗಳು ಪ್ರಭೇದದೊಳಗೆ ಬಹಳ ಇರಲಿಲ್ಲ. 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡ ಆ ರೋಗ ಅಲ್ಲಿನ ಕಾಫಿ ಕೃಷಿಯನ್ನೇ ನೆಲಕಚ್ಚಿಸಿ ಚಹಾಕ್ಕೆ ದಾರಿ ಮಾಡಿಕೊಟ್ಟಿತು. ನಮ್ಮ ಮಲೆನಾಡನ್ನೂ ಬಿಡಲಿಲ್ಲ. ಮೈಸೂರು ಸಂಸ್ಥಾನ 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರ ತೆರೆದ ಹಿನ್ನೆಲೆಯಲ್ಲಿ ಈ ಸಂಕಟವಿತ್ತು. ಅಲ್ಲಿಂದ ಹೊರಬಂದು ದಶಕಗಳ ಕಾಲ ಕರ್ನಾಟಕದ ಅರೇಬಿಕಾ ತೋಟಗಳನ್ನು ಆಳಿದ ‘ಎಸ್. 795’ ತಳಿಯ ವಂಶಾವಳಿ ನೋಡಿ. ಅದರ ಒಂದು ಪೋಷಕ ಕೆಂಟ್, ಇನ್ನೊಂದು ‘ಎಸ್. 288’. ಈ ಎರಡನೆಯದರ ಹಿಂದಿರುವುದು ‘ಎಸ್. 26’, ಅಂದರೆ ಅರೇಬಿಕಾ ಮತ್ತು ಲಿಬೇರಿಕಾ ಪ್ರಭೇದಗಳ ನಡುವೆ ತಾನಾಗಿಯೇ ನಡೆದ ಬೆರಕೆ. ತುಕ್ಕನ್ನು ತಡೆದ ಜೀನ್ ಬಂದುದು ಲಿಬೇರಿಕಾದಿಂದ. ಮುಂದೆ ತುಕ್ಕಿನ ಹೊಸ ಹೊಸ ಬಗೆಗಳು ಹುಟ್ಟಿ ಆ ರಕ್ಷಣೆ ಸಡಿಲಾದಾಗ ಜಗತ್ತಿನ ಬೆಳೆಗಾರರು ಆಶ್ರಯಿಸಿದ್ದು ಟಿಮೋರ್ ದ್ವೀಪದಲ್ಲಿ ಸಿಕ್ಕಿದ ಮತ್ತೊಂದು ಸಹಜ ಬೆರಕೆಯನ್ನು. ಅದು ಅರೇಬಿಕಾ ಮತ್ತು ರೊಬಸ್ಟಾಗಳದು. ನಮ್ಮಲ್ಲಿನ ಕಾವೇರಿ, ಚಂದ್ರಗಿರಿ ತಳಿಗಳಲ್ಲಿ ಅದರ ಅಂಶವಿದೆ. ಹೀಗೆ ಬೆರಕೆಯಿಂದ ಹುಟ್ಟಿದ ಪ್ರಭೇದ, ಬೆರಕೆಯಿಂದಲೇ ಮತ್ತೆ ಮತ್ತೆ ಉಸಿರು ಪಡೆದಿದೆ. ತಳಿ ವಿಜ್ಞಾನಿಗಳು ಇಲ್ಲಿ ಮಾಡಿದ್ದು ಪ್ರಕೃತಿ ಒದಗಿಸಿದ ಬೆರಕೆಗಳನ್ನು ಗುರುತಿಸಿ, ಮತ್ತೆ ಅರೇಬಿಕಾದ ಜೊತೆ ಸೇರಿಸಿ, ಬೇಕಾದ ಗುಣ ಉಳಿಯುವಂತೆ ಆರಿಸಿದ್ದು. ಈ ಮೂರು ಹೆಜ್ಜೆಗಳು, ಎಂದರೆ ಬೆರಕೆ, ಪೋಷಕ ಪ್ರಭೇದದೊಡನೆ ಮರುಕೂಡಿಕೆ, ಆಯ್ಕೆ, ಮನುಷ್ಯನ ಕೈ ಇಲ್ಲದೆಯೂ ಕಾಡಿನಲ್ಲಿ, ಕೆರೆಯಲ್ಲಿ, ದ್ವೀಪದಲ್ಲಿ ನಡೆಯುತ್ತವೆ ಎಂಬುದೇ ಮುಂದಿನ ಸಾಕ್ಷ್ಯಗಳ ತಿರುಳು.

ಸಸ್ಯಗಳ ಮಟ್ಟಿಗೆ ಈ ಮಾತು ಹೊಸದಲ್ಲ. 1935ರಲ್ಲಿ ಯು ನಾಗಹರು, ಸಾಸಿವೆ ಕುಲದ ಮೂರು ಮೂಲ ಪ್ರಭೇದಗಳು ಎರಡೆರಡಾಗಿ ಕೂಡಿ ಇನ್ನು ಮೂರು ಪ್ರಭೇದಗಳಾದುದನ್ನು ವರ್ಣತಂತುಗಳ ಲೆಕ್ಕದಿಂದ ತೋರಿಸಿದರು. ನಾವು ಒಗ್ಗರಣೆಗೆ ಹಾಕುವ ಸಾಸಿವೆ ಅವುಗಳಲ್ಲಿ ಒಂದು. ಉತ್ತರ ಕರ್ನಾಟಕದ ಜವೆ ಗೋಧಿಯಲ್ಲಿ 28 ವರ್ಣತಂತುಗಳು. ಅದೂ ಎರಡು ಕಾಡುಹುಲ್ಲುಗಳ ಕೂಡಿಕೆ. ಆ ಬಗೆಯ ಗೋಧಿಗೆ ಮೂರನೆಯ ಹುಲ್ಲೊಂದು ಬೆರೆತು 42 ವರ್ಣತಂತುಗಳ ಸಾಮಾನ್ಯ ಗೋಧಿ ಹುಟ್ಟಿತು. ಎಡ್ಗರ್ ಆಂಡರ್ಸನ್ 1949ರಲ್ಲಿ ಈ ವಿಷಯಕ್ಕೇ ಮೀಸಲಾದ ಪುಸ್ತಕ ಬರೆದರು. 1954ರಲ್ಲಿ ಅವರೂ ಇನ್ನೊಬ್ಬ ಸಸ್ಯಶಾಸ್ತ್ರಜ್ಞ ಸ್ಟೆಬಿನ್ಸ್ ಅವರೂ ಸೇರಿ, ಬೆರಕೆ ವಿಕಾಸಕ್ಕೆ ಪ್ರಚೋದನೆ ಕೊಡುತ್ತದೆ ಎಂದು ವಾದಿಸಿದರು. ಪ್ರಾಣಿಶಾಸ್ತ್ರಜ್ಞರು ಇದಕ್ಕೆ ಕಿವಿಗೊಡಲಿಲ್ಲ. ಅವರಿಗೆ ಕಾರಣಗಳಿದ್ದವು. ಎರ್ನ್ಸ್ಟ್ ಮಾಯರ್ 1942ರಲ್ಲಿ ಕೊಟ್ಟ ವ್ಯಾಖ್ಯೆಯ ಪ್ರಕಾರ ಪ್ರಭೇದವೆಂದರೆ ತಮ್ಮೊಳಗೆ ಕೂಡಿ ಸಂತಾನ ಪಡೆಯುವ, ಬೇರೆಯವರೊಡನೆ ಹಾಗೆ ಕೂಡದ ಜೀವಿಗಳ ಸಮೂಹ. ಈ ವ್ಯಾಖ್ಯೆಯನ್ನು ಒಪ್ಪಿದರೆ ಪ್ರಭೇದಗಳ ನಡುವಿನ ಕೂಡಿಕೆ ಮೊದಲಿನಿಂದಲೇ ಲೋಪದ ಪಟ್ಟಿಗೆ ಸೇರುತ್ತದೆ. ಹೇಸರಗತ್ತೆಯ ಬಂಜೆತನ ಎಲ್ಲರ ಕಣ್ಣ ಮುಂದಿತ್ತು. ಜೆ. ಬಿ. ಎಸ್. ಹಾಲ್ಡೇನ್, ಕೊನೆಗಾಲದಲ್ಲಿ ಭಾರತಕ್ಕೇ ಬಂದು ನೆಲೆಸಿದ ಅದೇ ಹಾಲ್ಡೇನ್, 1922ರಲ್ಲಿ ಒಂದು ನಿಯಮ ಗುರುತಿಸಿದ್ದರು: ಬೆರಕೆಯ ಮರಿಗಳಲ್ಲಿ ಒಂದು ಲಿಂಗದವು ಮಾತ್ರ ಹುಟ್ಟದೆ ಹೋದರೆ ಅಥವಾ ಬಂಜೆಯಾದರೆ, ಅದು ಎರಡು ಭಿನ್ನ ಲಿಂಗ ವರ್ಣತಂತುಗಳಿರುವ ಲಿಂಗವೇ ಆಗಿರುತ್ತದೆ. ಸಸ್ತನಿಗಳಲ್ಲಿ ಅದು ಗಂಡು, ಹಕ್ಕಿ ಮತ್ತು ಚಿಟ್ಟೆಗಳಲ್ಲಿ ಹೆಣ್ಣು. ಈ ನಿಯಮ ಇಂದಿಗೂ ಗಟ್ಟಿಯಾಗಿಯೇ ನಿಂತಿದೆ. ಆದರೆ ಅದರೊಳಗೇ ಒಂದು ಅವಕಾಶವೂ ಇದೆ: ಒಂದು ಲಿಂಗ ಬಂಜೆಯಾದರೂ ಇನ್ನೊಂದು ಫಲವತ್ತಾಗಿ ಉಳಿದರೆ ಜೀನ್‌ಗಳು ದಾಟಿಹೋಗಲು ಅಷ್ಟು ಸಾಕು.

ದಾಟಿಹೋಗಿವೆ ಎಂಬುದಕ್ಕೆ ದಕ್ಷಿಣ ಅಮೆರಿಕದ ಹೆಲಿಕೋನಿಯಸ್ ಚಿಟ್ಟೆಗಳಷ್ಟು ಸೊಗಸಾದ ಸಾಕ್ಷಿ ಬೇರೆ ಸಿಗುವುದು ಕಷ್ಟ. ಇವು ಹಕ್ಕಿಗಳಿಗೆ ರುಚಿಸದ ಚಿಟ್ಟೆಗಳು. ರೆಕ್ಕೆಯ ಗಾಢ ಬಣ್ಣವೇ ಅವುಗಳ ಎಚ್ಚರಿಕೆ. ಒಂದು ಪ್ರದೇಶದ ಹಲವು ಪ್ರಭೇದಗಳು ಒಂದೇ ಬಗೆಯ ಬಣ್ಣ ತೊಟ್ಟರೆ ಹಕ್ಕಿಗೆ ಪಾಠ ಬೇಗ ಕಲಿಸಬಹುದು, ಎಲ್ಲರಿಗೂ ಲಾಭ. ಈ ಹೋಲಿಕೆ ಪ್ರತಿ ಪ್ರಭೇದದಲ್ಲೂ ಪ್ರತ್ಯೇಕವಾಗಿ, ಹೊಸದಾಗಿ ಹುಟ್ಟಿದ್ದೆಂದು ನೂರಕ್ಕೂ ಹೆಚ್ಚು ವರ್ಷ ನಂಬಲಾಗಿತ್ತು. 2012ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನ ಬೇರೆಯದನ್ನೇ ಹೇಳಿತು: ಕೆಲವು ಪ್ರಭೇದಗಳು ರೆಕ್ಕೆಯ ಬಣ್ಣವನ್ನು ನಿಯಂತ್ರಿಸುವ ವರ್ಣತಂತುವಿನ ಭಾಗವನ್ನು ಬೆರಕೆಯ ಮೂಲಕ ಒಂದರಿಂದ ಒಂದು ಪಡೆದಿವೆ. 2024ರಲ್ಲಿ ಅದೇ ಕುಲದ ಎಲಿವೇಟಸ್ ಎಂಬ ಪ್ರಭೇದದ ಕಥೆ ಬಂತು. ಸುಮಾರು 1.8 ಲಕ್ಷ ವರ್ಷಗಳ ಹಿಂದೆ ಪಾರ್ಡಲೈನಸ್ ಮತ್ತು ಮೆಲ್ಪೊಮಿನಿ ಎಂಬ ಎರಡು ಪ್ರಭೇದಗಳ ಬೆರಕೆಯಿಂದ ಹುಟ್ಟಿದ್ದು ಅದು. ಅದರ ಜೀನೋಮಿನಲ್ಲಿ ಮೆಲ್ಪೊಮಿನಿಯ ಪಾಲು ಹೆಚ್ಚೂ ಕಡಿಮೆ ನೂರಕ್ಕೆ ಒಂದು. ಆದರೆ ಆ ಒಂದು ಪಾಲಿನಲ್ಲೇ ಇರುವುದೇನು? ರೆಕ್ಕೆಯ ಬಣ್ಣ, ರೆಕ್ಕೆಯ ಆಕಾರ, ಮರಿಹುಳ ಮೇಯುವ ಬಳ್ಳಿಯ ಆಯ್ಕೆ, ಗಂಡಿನ ವಾಸನೆ, ಸಂಗಾತಿಯ ಆಯ್ಕೆ. ಎಂದರೆ ಒಂದು ಚಿಟ್ಟೆಯನ್ನು ಬೇರೆ ಚಿಟ್ಟೆಯಿಂದ ಬೇರೆಯಾಗಿ ಇಡುವುದೆಲ್ಲ. ಎಲಿವೇಟಸ್ ಇಂದಿಗೂ ಅಮೆಜಾನಿನಲ್ಲಿ ಪಾರ್ಡಲೈನಸ್‌ನ ಜೊತೆಯಲ್ಲೇ ಹಾರುತ್ತದೆ, ಆಗೀಗ ಅದರೊಡನೆ ಜೀನ್ ವಿನಿಮಯವನ್ನೂ ಮಾಡುತ್ತದೆ. ಆದರೂ ತನ್ನತನ ಬಿಟ್ಟುಕೊಟ್ಟಿಲ್ಲ. ಬೆರಕೆ ಪ್ರಭೇದಗಳನ್ನು ಅಳಿಸಿಹಾಕುತ್ತದೆ ಎಂದು ನಂಬಿದ್ದವರಿಗೆ, ಬೆರಕೆಯೇ ಒಂದು ಪ್ರಭೇದವನ್ನು ಹುಟ್ಟಿಸಿ ಕಾಯುತ್ತಿರುವ ಈ ಉದಾಹರಣೆ ಉತ್ತರ ಹೇಳಿಬಿಟ್ಟಿದೆ.

ಲಕ್ಷಾಂತರ ವರ್ಷಗಳ ಹಿಂದಿನದನ್ನು ಜೀನೋಮಿನಿಂದ ಊಹಿಸಿ ಹೇಳುವುದು ಒಂದು. ಕಣ್ಣೆದುರೇ ನಡೆದುದನ್ನು ಬರೆದಿಡುವುದು ಇನ್ನೊಂದು. ಪೀಟರ್ ಮತ್ತು ರೋಸ್‌ಮರಿ ಗ್ರಾಂಟ್ ದಂಪತಿ 1973ರಿಂದ ನಾಲ್ಕು ದಶಕ ಕಾಲ ಗಲಾಪಗಸ್‌ನ ಡಾಫ್ನೆ ಮೇಜರ್ ಎಂಬ ಪುಟ್ಟ ದ್ವೀಪದ ಫಿಂಚ್ ಹಕ್ಕಿಗಳನ್ನು ಒಂದೊಂದಾಗಿ ಗುರುತುಹಾಕಿ ಅಭ್ಯಾಸ ಮಾಡಿದರು. 1981ರಲ್ಲಿ ಆ ದ್ವೀಪಕ್ಕೆ ಎಲ್ಲಿಂದಲೋ ಒಂದು ಗಂಡು ಹಕ್ಕಿ ಬಂತು. ಅಲ್ಲಿಯವಕ್ಕಿಂತ ದೊಡ್ಡದು, ಹಾಡೂ ಬೇರೆ. ಅದು ಸ್ಥಳೀಯ ಪ್ರಭೇದದ ಹೆಣ್ಣಿನೊಡನೆ ಕೂಡಿತು. ಅದರ ಮರಿಗಳು ತಂದೆಯ ಹಾಡನ್ನು ಕಲಿತವು; ಎರಡನೆಯ ತಲೆಮಾರಿನಿಂದ ಮುಂದಕ್ಕೆ ಈ ವಂಶದ ಹಕ್ಕಿಗಳು ತಮ್ಮೊಳಗೇ ಜೋಡಿಯಾದವು. ಕೊಕ್ಕಿನ ಗಾತ್ರವೂ ಆಕಾರವೂ ದ್ವೀಪದ ಬೇರೆ ಹಕ್ಕಿಗಳಿಗಿಂತ ಬೇರೆಯಾಯಿತು, ತಿನ್ನುವ ಆಹಾರದಲ್ಲಿ ತಮ್ಮದೇ ಪಾಲನ್ನು ಕಂಡುಕೊಂಡವು. ಬಂದ ಹಕ್ಕಿ ಯಾವುದು ಎಂಬುದು ನಂತರದ ಜೀನೋಮ್ ಪರೀಕ್ಷೆಯಿಂದ ಖಚಿತವಾಯಿತು: ನೂರು ಕಿಲೋಮೀಟರಿಗೂ ದೂರದ ಎಸ್ಪನ್ಯೋಲಾ ದ್ವೀಪದ ಬೇರೆ ಪ್ರಭೇದದ್ದು. ಒಳಬಳಗದಲ್ಲೇ ಜೋಡಿಯಾಗುತ್ತಿರುವ ಈ ಸಣ್ಣ ವಂಶ ಸಾವಿರ ವರ್ಷ ಬಾಳುತ್ತದೆಂದು ನಾನು ಹೇಳುವುದಿಲ್ಲ. ಆದರೆ ಪ್ರಭೇದವಾಗುವ ದಾರಿಯ ಮೊದಲ ಹೆಜ್ಜೆಗೆ ಲಕ್ಷ ವರ್ಷ ಬೇಡ, ಮೂರು ತಲೆಮಾರು ಸಾಕಾಗಬಹುದು ಎಂಬುದನ್ನು ಅದು ಸಂಶಯಕ್ಕೆಡೆಯಿಲ್ಲದಂತೆ ತೋರಿಸಿದೆ.

ಹೊಸತನದ ಪ್ರಶ್ನೆಗೆ ಬರೋಣ. ಆಫ್ರಿಕಾದ ವಿಕ್ಟೋರಿಯಾ ಸರೋವರ ಸುಮಾರು 15 ಸಾವಿರ ವರ್ಷಗಳ ಹಿಂದೆ ಬತ್ತಿದ ಸ್ಥಿತಿಯಿಂದ ಮತ್ತೆ ತುಂಬಿಕೊಂಡಿತು. ಇಷ್ಟು ಕಡಿಮೆ ಕಾಲದಲ್ಲಿ ಅಲ್ಲಿ 500ಕ್ಕೂ ಹೆಚ್ಚು ಸಿಕ್ಲಿಡ್ ಮೀನಿನ ಪ್ರಭೇದಗಳು ಹುಟ್ಟಿಕೊಂಡಿವೆ: ಪಾಚಿ ಕೆರೆಯುವವು, ಬಸವನಹುಳು ಒಡೆಯುವವು, ಬೇರೆ ಮೀನು ತಿನ್ನುವವು. ಹೊಸ ಉತ್ಪರಿವರ್ತನೆಗಳಿಗಾಗಿ ಒಂದೊಂದಾಗಿ ಕಾಯುತ್ತ ಕುಳಿತರೆ ಈ ವೇಗ ಅರ್ಥವಾಗುವುದಿಲ್ಲ. 2017ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿತು. ಈ ಇಡೀ ಮೀನಿನ ಬಳಗದ ಬುಡದಲ್ಲಿ ಎರಡು ದೂರದ ವಂಶಗಳ ಬೆರಕೆಯಿದೆ. ಒಂದು ಕಾಂಗೋ ಕಡೆಯದು, ಇನ್ನೊಂದು ನೈಲ್ ಕಡೆಯದು. ಕೆಂಪು ಬೆಳಕನ್ನು ಗ್ರಹಿಸುವ ಕಣ್ಣಿನ ಜೀನಿನ ಎರಡು ರೂಪಗಳು ಎರಡು ಕಡೆಯಿಂದ ಬಂದವು. ಕಲಕಿದ ಆಳದ ನೀರಿಗೆ ಒಂದು ಒಗ್ಗಿತು, ತಿಳಿಯಾದ ಮೇಲಿನ ನೀರಿಗೆ ಇನ್ನೊಂದು. ಬೆಳಕು ಕಾಣುವ ಬಗೆ ಬೇರೆಯಾದಂತೆ ಹೆಣ್ಣು ಮೆಚ್ಚುವ ಗಂಡಿನ ಬಣ್ಣವೂ ಬೇರೆಯಾಯಿತು, ಬಳಗಗಳು ಅಗಲಿದವು. ಆಲೂಗಡ್ಡೆಯ ವಿಷಯದಲ್ಲಿ 2025ರಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಬಂದ ಸಂಶೋಧನೆ ಇದೇ ತರ್ಕವನ್ನು ಇನ್ನೂ ಸ್ಪಷ್ಟವಾಗಿಸಿತು. ಟೊಮೆಟೊ ವಂಶಕ್ಕೆ ಗಡ್ಡೆಯಿಲ್ಲ. ಎಟ್ಯೂಬರೋಸಂ ಎಂಬ ದಕ್ಷಿಣ ಅಮೆರಿಕದ ಗಿಡಗಳು ಮೇಲೆ ನೋಡಲು ಆಲೂಗಡ್ಡೆ ಗಿಡದಂತೆಯೇ ಇವೆ, ಅವಕ್ಕೂ ಗಡ್ಡೆಯಿಲ್ಲ. ಸುಮಾರು 90 ಲಕ್ಷ ವರ್ಷಗಳ ಹಿಂದೆ ಈ ಎರಡು ವಂಶಗಳು ಬೆರೆತಾಗ ಆಲೂಗಡ್ಡೆಯ ವಂಶ ಹುಟ್ಟಿತು. ಗಡ್ಡೆ ಕಟ್ಟಲು ಆರಂಭಿಸು ಎಂಬ ಸಂಕೇತದ ಜೀನ್ ಟೊಮೆಟೊ ಕಡೆಯಿಂದ ಬಂತು. ಗಡ್ಡೆಯಾಗುವ ನೆಲದಡಿಯ ಕಾಂಡದ ಬೆಳವಣಿಗೆಯನ್ನು ನಿಯಂತ್ರಿಸುವ ಜೀನ್ ಇನ್ನೊಂದು ಕಡೆಯಿಂದ. ಪೋಷಕರಿಬ್ಬರಲ್ಲಿ ಯಾರಲ್ಲೂ ಇಲ್ಲದ ಅಂಗವೊಂದು ಮಗುವಿನಲ್ಲಿ ಕಾಣಿಸಿಕೊಂಡಿತು. ಆಂಡೀಸ್ ಪರ್ವತ ಮೇಲೇಳುತ್ತಿದ್ದ ಕಾಲ ಅದು. ಬೀಜವಿಲ್ಲದೆಯೂ ವಂಶ ಬೆಳೆಸುವ ಗಡ್ಡೆ ಆ ಚಳಿಯ ಎತ್ತರದಲ್ಲಿ ಹೊಸ ನೆಲೆಗಳನ್ನು ತೆರೆಯಿತು. ಮೀನು ಮತ್ತು ಗಡ್ಡೆ ಎರಡರಲ್ಲೂ ನಡೆದುದು ಒಂದೇ: ಬೇರೆ ಬೇರೆ ವಂಶಗಳಲ್ಲಿ ದೀರ್ಘಕಾಲ ಪರೀಕ್ಷೆಗೊಳಗಾಗಿ ಉಳಿದ ಜೀನ್‌ಗಳು ಒಂದೇ ಸಲ ಒಂದೇ ದೇಹದಲ್ಲಿ ಸೇರಿದವು.

ಇದಕ್ಕೆ ತಜ್ಞರು ಎತ್ತುವ ಮೊದಲ ಆಕ್ಷೇಪ ವಿಧಾನದ ಕುರಿತಾದದ್ದು, ಮತ್ತು ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಎರಡು ಪ್ರಭೇದಗಳಲ್ಲಿ ಒಂದೇ ಜೀನ್ ರೂಪ ಕಂಡಮಾತ್ರಕ್ಕೆ ಬೆರಕೆ ನಡೆಯಿತೆಂದು ಹೇಳಬಹುದೆ? ಪೂರ್ವಜರಲ್ಲೇ ಆ ಜೀನಿನ ಎರಡು ರೂಪಗಳಿದ್ದು, ವಂಶ ಕವಲೊಡೆಯುವಾಗ ಅವು ಅಡ್ಡಾದಿಡ್ಡಿಯಾಗಿ ಹಂಚಿಹೋಗಿರಬಾರದೇಕೆ? ಖಂಡಿತ ಹಾಗಾಗಬಹುದು, ಆಗಿದೆ ಕೂಡ. ಅದಕ್ಕಾಗಿಯೇ ಒಂದು ಪರೀಕ್ಷೆ ರೂಪುಗೊಂಡಿತು. ಹತ್ತಿರದ ಎರಡು ಪ್ರಭೇದಗಳು, ಸ್ವಲ್ಪ ದೂರದ ಮೂರನೆಯದು ಇವೆಯೆನ್ನಿ. ಹಂಚಿಕೆ ಬರೀ ಆಕಸ್ಮಿಕವಾಗಿದ್ದರೆ ಮೊದಲನೆಯದೂ ಎರಡನೆಯದೂ ಮೂರನೆಯದರೊಡನೆ ಸಮ ಪ್ರಮಾಣದಲ್ಲಿ ಹೋಲಬೇಕು. ತಕ್ಕಡಿ ಒಂದು ಕಡೆಗೆ ಗಣನೀಯವಾಗಿ ವಾಲಿದರೆ ಆ ಕಡೆ ಜೀನ್ ಹರಿದಿದೆ ಎಂದು ಅರ್ಥ. 2010ರಲ್ಲಿ ನಿಯಾಂಡರ್ತಾಲ್ ಮಾನವರ ಜೀನೋಮ್ ಪ್ರಕಟವಾದಾಗ ಬಳಸಿದ ಮುಖ್ಯ ವಾದ ಇದೇ: ನಿಯಾಂಡರ್ತಾಲರು ಯೂರೋಪ್ ಮತ್ತು ಏಷ್ಯಾದವರನ್ನು ಆಫ್ರಿಕಾದವರಿಗಿಂತ ಹೆಚ್ಚು ಹೋಲುತ್ತಾರೆ. ಪೂರ್ವಜ ಸಮುದಾಯದೊಳಗೇ ಇದ್ದ ಒಳಪಂಗಡಗಳಿಂದಲೂ ಇಂಥ ವಾಲಿಕೆ ಬರಬಹುದು ಎಂದು ಟೀಕಾಕಾರರು ಹೇಳಿದರು. ಆಗ ಎರಡನೆಯ ಸಾಕ್ಷಿಯನ್ನು ಕರೆಯಬೇಕಾಗುತ್ತದೆ. ಪ್ರತಿ ತಲೆಮಾರಿನಲ್ಲೂ ವರ್ಣತಂತುಗಳು ತುಂಡಾಗಿ ಮರುಜೋಡಣೆಯಾಗುತ್ತವೆ. ಆದ್ದರಿಂದ ಬಹಳ ಹಳೆಯ ಹಂಚಿಕೆಯ ತುಣುಕುಗಳು ಚಿಕ್ಕವಾಗಿರಬೇಕು, ಈಚಿನ ಬೆರಕೆಯವು ಉದ್ದವಾಗಿರಬೇಕು. ನಮ್ಮ ಜೀನೋಮಿನಲ್ಲಿರುವ ನಿಯಾಂಡರ್ತಾಲ್ ತುಣುಕುಗಳು ಉದ್ದದವು. ಮೂರನೆಯ ಸಾಕ್ಷಿ ಪ್ರಯೋಗದ್ದು. ಅಮೆರಿಕದಲ್ಲಿ ಮರಳ ದಿಬ್ಬದಲ್ಲಿ, ಮರುಭೂಮಿಯಲ್ಲಿ, ಉಪ್ಪು ಜೌಗಿನಲ್ಲಿ ಬೆಳೆಯುವ ಮೂರು ಕಾಡು ಸೂರ್ಯಕಾಂತಿ ಪ್ರಭೇದಗಳು ಒಂದೇ ಜೋಡಿ ಪೋಷಕರ ಬೆರಕೆಯಿಂದ ಬಂದವು. ಲೊರೆನ್ ರೀಸ್‌ಬರ್ಗ್ ಮತ್ತು ಸಂಗಡಿಗರು ಆ ಪೋಷಕರನ್ನು ಮತ್ತೆ ಬೆರೆಸಿ ಕೆಲವೇ ತಲೆಮಾರು ಬೆಳೆಸಿದಾಗ, ಪ್ರಯೋಗದ ಗಿಡಗಳ ಜೀನೋಮ್ ದಿಬ್ಬದ ಕಾಡುಸೂರ್ಯಕಾಂತಿಯ ಜೀನೋಮನ್ನು ಬೆರಗಾಗುವಷ್ಟು ಹೋಲಿತು. ಇತಿಹಾಸವನ್ನು ಎರಡನೆಯ ಸಲ ನಡೆಸಿ ನೋಡಿ ಅದೇ ಫಲಿತಾಂಶ ಪಡೆಯುವ ಭಾಗ್ಯ ವಿಕಾಸದ ವಿದ್ಯಾರ್ಥಿಗಳಿಗೆ ಅಪರೂಪ.

ಎರಡನೆಯ ಆಕ್ಷೇಪ: ಬಹುಪಾಲು ಬೆರಕೆಗಳು ಹಾನಿಕರ, ಸಂಕರ ಮರಿಗಳು ಸೊರಗುತ್ತವೆ, ಬಂಜೆಯಾಗುತ್ತವೆ; ಅಪರೂಪದ ಗೆಲುವುಗಳನ್ನು ಹಿಡಿದು ನಿಯಮ ಮಾಡಬಹುದೆ? ಇದರ ಮೊದಲರ್ಧವನ್ನು ನಾನು ಪೂರ್ತಿ ಒಪ್ಪುತ್ತೇನೆ. ಆಫ್ರಿಕಾದ ಹೊರಗಿನ ಜನರಲ್ಲಿ ಇಂದು ಉಳಿದಿರುವ ನಿಯಾಂಡರ್ತಾಲ್ ಪಾಲು ಸುಮಾರು ನೂರಕ್ಕೆ ಎರಡು. ಬೆರಕೆಯಾದ ಹೊಸತರಲ್ಲಿ ಅದು ಇದಕ್ಕಿಂತ ಹೆಚ್ಚಿತ್ತು, ಆಯ್ಕೆ ಅದನ್ನು ಕಿತ್ತುಹಾಕಿತು. ನಮ್ಮ ಎಕ್ಸ್ ವರ್ಣತಂತುವಿನಲ್ಲಿ ಆ ಅಂಶ ವಿಶೇಷವಾಗಿ ಕಡಿಮೆ, ಹಾಲ್ಡೇನ್ ನಿಯಮದ ನೆರಳು ಅಲ್ಲಿ ಬಿದ್ದಿದೆ. ಉಳಿದವುಗಳೂ ಎಲ್ಲ ಒಳ್ಳೆಯವಲ್ಲ. 2020ರಲ್ಲಿ ಹ್ಯೂಗೊ ಝೇಬರ್ಗ್ ಮತ್ತು ಸ್ವಾಂಟೆ ಪಾಬೊ ತೋರಿಸಿದಂತೆ, ಕೋವಿಡ್ ತೀವ್ರವಾಗುವ ಅಪಾಯವನ್ನು ಹೆಚ್ಚಿಸುವ ಮೂರನೆಯ ವರ್ಣತಂತುವಿನ ಒಂದು ತುಣುಕು ನಿಯಾಂಡರ್ತಾಲರಿಂದ ಬಂದುದು. ದಕ್ಷಿಣ ಏಷ್ಯಾದ ಸುಮಾರು ಅರ್ಧದಷ್ಟು ಜನರಲ್ಲಿ ಅದಿದೆ. ಟಿಬೆಟಿನವರು ತೆಳುಗಾಳಿಯಲ್ಲಿ ಬದುಕಲು ನೆರವಾದ ಜೀನ್ ಡೆನಿಸೋವರೆಂಬ ಇನ್ನೊಂದು ಪ್ರಾಚೀನ ಮಾನವ ಬಳಗದಿಂದ ಬಂದುದೆಂಬುದು ಇದರ ಇನ್ನೊಂದು ತುದಿ. ಆದರೆ ‘ಬಹುಪಾಲು ಹಾನಿಕರ’ ಎಂಬ ಮಾತು ಬೆರಕೆಯನ್ನು ತಳ್ಳಿಹಾಕುವುದಾದರೆ ಉತ್ಪರಿವರ್ತನೆಯನ್ನೂ ತಳ್ಳಿಹಾಕಬೇಕಾಗುತ್ತದೆ, ಏಕೆಂದರೆ ಪರಿಣಾಮ ಬೀರುವ ಉತ್ಪರಿವರ್ತನೆಗಳಲ್ಲಿ ಹೆಚ್ಚಿನವೂ ಹಾನಿಕರವೇ. ಅದನ್ನು ವಿಕಾಸದ ಮೂಲವೆಂದು ಒಪ್ಪಲು ನಮಗೆ ಅಡ್ಡಿಯಾಗಿಲ್ಲ. ಹೊಸದಾಗಿ ಹುಟ್ಟಿದ ಬಹುಗುಣಿತ ಸಸ್ಯಗಳು, ಎಂದರೆ ಅರೇಬಿಕಾದಂತೆ ವರ್ಣತಂತುಗಳ ಗಣ ಇಮ್ಮಡಿಯಾದವು, ಉಳಿದವಕ್ಕಿಂತ ನಿಧಾನವಾಗಿ ಕವಲೊಡೆಯುತ್ತವೆ ಎಂದು 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತು. ಇದೂ ನನ್ನ ವಾದಕ್ಕೆ ವಿರುದ್ಧವಲ್ಲ. ನೂರು ಸೋತರೂ ಗೆದ್ದ ಒಂದೆರಡು ಹುಲ್ಲುಗಾವಲನ್ನೂ ಹೊಲವನ್ನೂ ತುಂಬಬಲ್ಲವು; ಗೋಧಿ ತುಂಬಿದೆ.

ಇನ್ನು ಕೆಲವರು ಕೇಳಬಹುದು: ಬೆರಕೆ ತರುವ ಜೀನ್‌ಗಳೂ ಎಲ್ಲೋ ಒಂದು ಕಡೆ ಉತ್ಪರಿವರ್ತನೆಯಿಂದಲೇ ಹುಟ್ಟಿದವಲ್ಲವೆ, ಹಾಗಾದರೆ ಅದಕ್ಕೆ ಬೇರೆ ಗೌರವ ಏಕೆ? ಮೂಲದ ಪ್ರಶ್ನೆ ಹಾಗಿರಲಿ, ಕಾಲದ ಪ್ರಶ್ನೆ ಬೇರೆ. ಇಲಿ ಪಾಷಾಣ ವಾರ್ಫರಿನ್ ಬಳಕೆಗೆ ಬಂದದ್ದು ಇಪ್ಪತ್ತನೆಯ ಶತಮಾನದ ನಡುವಿನಲ್ಲಿ. ಯೂರೋಪಿನ ಕೆಲವು ಮನೆಯಿಲಿಗಳು ಅದಕ್ಕೆ ಜಗ್ಗದಿರುವ ಕಾರಣ ಹುಡುಕಿದಾಗ, ಅವು ಆ ಗುಣವನ್ನು ಮೆಡಿಟರೇನಿಯನ್ ಕಡೆಯ ಬೇರೊಂದು ಇಲಿ ಪ್ರಭೇದದಿಂದ ಪಡೆದದ್ದು 2011ರಲ್ಲಿ ತಿಳಿಯಿತು. ಅಮೆರಿಕದ ಹಿಮಮೊಲಗಳು ಚಳಿಗಾಲದಲ್ಲಿ ಬೆಳ್ಳಗಾಗುತ್ತವೆ; ಹಿಮ ಕಡಿಮೆ ಬೀಳುವ ಕರಾವಳಿ ಕಡೆಯವು ಕಂದಾಗಿಯೇ ಉಳಿಯುತ್ತವೆ. ಅದನ್ನು ನಿರ್ಧರಿಸುವ ಜೀನ್ ರೂಪ ಬಂದದ್ದು ಕಪ್ಪುಬಾಲದ ಮೊಲವೆಂಬ ಇನ್ನೊಂದು ಪ್ರಭೇದದಿಂದ. ಪರಿಸರ ಏಕಾಏಕಿ ಬದಲಾದಾಗ, ಸರಿಯಾದ ಉತ್ಪರಿವರ್ತನೆ ಸರಿಯಾದ ಹೊತ್ತಿಗೆ ಹುಟ್ಟಲೆಂದು ಕಾಯುವ ವಂಶಕ್ಕಿಂತ, ನೆರೆಯ ವಂಶದಲ್ಲಿ ಆಗಲೇ ಪಳಗಿದ ಜೀನನ್ನು ಪಡೆಯಬಲ್ಲ ವಂಶ ಉಳಿಯುವ ಸಂಭವ ಹೆಚ್ಚು.

ಲೈಂಗಿಕ ಕೂಡಿಕೆಗೂ ನಿಲುಕದಷ್ಟು ದೂರದವುಗಳ ನಡುವೆ ಜೀನ್ ದಾಟಿದ ಉದಾಹರಣೆಗಳನ್ನು ಇಲ್ಲಿ ಚಿಕ್ಕದಾಗಿ ಹೇಳಬೇಕು. ದಾಟುವ ಬಗೆ ಬೇರೆಯಾದರೂ ತರ್ಕ ಅದೇ. ಮತ್ತೆ ಕಾಫಿ ತೋಟಕ್ಕೇ ಹೋಗುವುದಾದರೆ, ಬೆಳೆಗಾರರನ್ನು ಕಾಡುವ ಕಾಯಿಕೊರಕ ದುಂಬಿ ಕಾಫಿ ಬೀಜದಲ್ಲಿ ಕೂಡಿಟ್ಟ ಗಟ್ಟಿ ಶರ್ಕರವನ್ನು ಒಡೆದು ಜೀರ್ಣಿಸಿಕೊಳ್ಳಲು ಬಳಸುವ ಕಿಣ್ವದ ಜೀನ್ ದುಂಬಿಯದಲ್ಲ, ಬ್ಯಾಕ್ಟೀರಿಯಾದಿಂದ ಬಂದುದು ಎಂದು 2012ರಲ್ಲಿ ಗೊತ್ತಾಯಿತು. ಬಿಳಿ ನೊಣವಂತೂ ಸಸ್ಯದ ವಿಷವನ್ನು ನಿಷ್ಕ್ರಿಯಗೊಳಿಸುವ ಜೀನನ್ನು ಸಸ್ಯದಿಂದಲೇ ಪಡೆದಿದೆ. 2021ರ ಸಂಶೋಧನೆ ಇದು. ಬಹುಕೋಶ ಜೀವಿಗಳಲ್ಲಿ ಇಂಥವು ಬೆರಕೆಯಷ್ಟು ಸಾಮಾನ್ಯವಲ್ಲ, ಆದ್ದರಿಂದ ಇದನ್ನು ಹಿಗ್ಗಿಸಿ ಹೇಳಲಾರೆ.

ಹಾಗಾದರೆ ಪ್ರಭೇದ ಎಂಬುದೇ ಸುಳ್ಳೆ, ಮರದ ಚಿತ್ರವನ್ನು ಹರಿದುಹಾಕಬೇಕೆ? ಎರಡೂ ಬೇಡ. ಹುಲಿ ಮತ್ತು ಬೆಕ್ಕಿನ ಸಂಬಂಧ, ಮಾವು ಮತ್ತು ಗೇರಿನ ಸಂಬಂಧ ಮರದ ಚಿತ್ರ ಹೇಳುವಂತೆಯೇ ಇದೆ. ದೂರ ಹೋದ ಕೊಂಬೆಗಳು ಕೂಡುವುದಿಲ್ಲ. ಕೂಡುವುದು ಹತ್ತಿರದ ಟಿಸಿಲುಗಳು, ಅಗಲಿ ಕೆಲವು ಲಕ್ಷ ಅಥವಾ ಕೆಲವು ಹತ್ತು ಲಕ್ಷ ವರ್ಷಗಳಾದವು, ಮತ್ತು ವಿಕಾಸದ ಕೆಲಸವೆಲ್ಲ ನಡೆಯುವುದು ಅಲ್ಲಿಯೇ. ಪ್ರಭೇದದ ಗಡಿಯೂ ನಿಜ, ಆದರೆ ಅದು ಇಡೀ ಜೀನೋಮಿನ ಸುತ್ತ ಕಟ್ಟಿದ ಗೋಡೆಯ ರೂಪದಲ್ಲಿಲ್ಲ. ಯೂರೋಪಿನ ಕಪ್ಪು ಕಾಗೆ ಮತ್ತು ಬೂದು ಕಾಗೆಗಳ ಜೀನೋಮ್‌ಗಳು ನೂರಕ್ಕೆ ಒಂದಕ್ಕೂ ಕಡಿಮೆ ಭಾಗದಲ್ಲಿ ಮಾತ್ರ ಬೇರೆಯೆಂದು 2014ರಲ್ಲಿ ಕಂಡುಬಂತು. ಆ ಭಾಗದಲ್ಲಿ ಗರಿಯ ಬಣ್ಣಕ್ಕೆ ಸಂಬಂಧಿಸಿದ ಜೀನ್‌ಗಳಿವೆ, ಕಾಗೆಗಳು ಬಣ್ಣ ನೋಡಿ ಜೋಡಿಯಾಗುತ್ತವೆ. ಎಲಿವೇಟಸ್ ಚಿಟ್ಟೆಯೂ ಇದನ್ನೇ ಹೇಳಿತು. ಆಯ್ಕೆ ಕೆಲವು ಜಾಗಗಳಲ್ಲಿ ಕಾವಲು ಕಾಯುತ್ತದೆ, ಉಳಿದ ಕಡೆ ಜೀನ್‌ಗಳು ಹಾದುಹೋಗುತ್ತವೆ. ಪ್ರಭೇದವೆಂದರೆ ಹರಿವಿನ ನಡುವೆಯೂ ಆಯ್ಕೆಯ ಬಲದಿಂದ ಉಳಿದುಕೊಂಡಿರುವ ಭಿನ್ನತೆ ಎಂದು ಅರ್ಥಮಾಡಿಕೊಂಡರೆ ಮಾಯರ್ ಅವರ ವ್ಯಾಖ್ಯೆಯಲ್ಲಿನ ಗಟ್ಟಿ ಅಂಶವೂ ಉಳಿಯುತ್ತದೆ, ಹೊಸ ಸಾಕ್ಷ್ಯಕ್ಕೂ ಜಾಗ ಸಿಗುತ್ತದೆ.

ಕೊನೆಯ ಆಕ್ಷೇಪ ಸಂರಕ್ಷಣೆಯ ಕಡೆಯಿಂದ ಬರುತ್ತದೆ, ಮತ್ತು ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇದೇ. ಬೆರಕೆ ಸೃಷ್ಟಿಶೀಲ ಎಂದು ಸಾರಿದರೆ, ಅಳಿವಿನಂಚಿನ ಪ್ರಾಣಿಗಳು ಸಾಕುಪ್ರಾಣಿಗಳೊಡನೆ ಬೆರೆತು ಕರಗಿಹೋಗುವುದಕ್ಕೆ ಸಮರ್ಥನೆ ಕೊಟ್ಟಂತಾಗುವುದಿಲ್ಲವೆ? ಸ್ಕಾಟ್ಲೆಂಡಿನ ಕಾಡುಬೆಕ್ಕನ್ನು ನೋಡಿ. ಸಾಕುಬೆಕ್ಕು ಬ್ರಿಟನ್ನಿಗೆ ಬಂದು ಸುಮಾರು ಎರಡು ಸಾವಿರ ವರ್ಷವಾದರೂ ಎರಡೂ ಬಹುಮಟ್ಟಿಗೆ ಬೇರೆಯಾಗಿಯೇ ಉಳಿದಿದ್ದವು; ಕಾಡುಬೆಕ್ಕುಗಳ ಸಂಖ್ಯೆ ಕುಸಿದ ಮೇಲೆ, ಕಳೆದ ಶತಮಾನದ ಉತ್ತರಾರ್ಧದಲ್ಲಿ, ಬೆರಕೆ ಪ್ರವಾಹದಂತೆ ನುಗ್ಗಿತು ಎಂದು 2023ರ ಜೀನೋಮ್ ಅಧ್ಯಯನಗಳು ತೋರಿಸಿವೆ. ಅಲ್ಲಿ ಕೆಟ್ಟದ್ದು ಮೊದಲು ಸಂಖ್ಯೆಗಳ ಸಮತೋಲ. ಜೋಡಿ ಸಿಗದ ಪ್ರಾಣಿ ಸಿಕ್ಕಿದ್ದರೊಡನೆ ಕೂಡಿತು. ಆರಿಸಲು ಆಯ್ಕೆಗೆ ಸಮಯವೂ ಇಲ್ಲ, ಸಾಕಷ್ಟು ಪ್ರಾಣಿಗಳೂ ಇಲ್ಲ. ಒಂದು ಕಡೆಯ ವಂಶ ಪೂರ್ತಿ ಅಳಿದುಹೋದರೆ ಮುಂದಿನ ಬೆರಕೆಗೆ ಸಾಮಗ್ರಿಯೇ ಉಳಿಯುವುದಿಲ್ಲ. ಆದ್ದರಿಂದ ಬೆರಕೆಯ ಮಹತ್ತ್ವ ಬಲ್ಲವರು ಪ್ರಭೇದಗಳ ರಕ್ಷಣೆಗೆ ಇನ್ನಷ್ಟು ಕಟ್ಟುನಿಟ್ಟಾಗಿ ನಿಲ್ಲಬೇಕಾಗುತ್ತದೆ. ಆ ರಕ್ಷಣೆ ಇಂದು ನಮಗೆ ಉಪಯೋಗಕ್ಕೆ ಬಂದವುಗಳಿಗೆ ಮಾತ್ರ ಸೀಮಿತವಾಗಬಾರದು. ಯೂಜಿನಿಯಾಯ್ಡಿಸ್ ಕಾಫಿಯನ್ನು ತೋಟದ ಬೆಳೆಯಾಗಿ ಯಾರೂ ದೊಡ್ಡ ಪ್ರಮಾಣದಲ್ಲಿ ಬೆಳೆಯುವುದಿಲ್ಲ, ಆದರೂ ಅದಿಲ್ಲದೆ ಅರೇಬಿಕಾ ಇಲ್ಲ. ಲಿಬೇರಿಕಾದ ಪಾನೀಯವನ್ನು ಮೆಚ್ಚುವವರು ಕಡಿಮೆ, ಆದರೂ ‘ಎಸ್. 795’ ಅದರ ಋಣದಲ್ಲಿದೆ. ನಮ್ಮ ರಾಗಿಯ ಜೀವಕೋಶದಲ್ಲಿ 36 ವರ್ಣತಂತುಗಳಿವೆ, ಅದೂ ಎರಡು ಪ್ರಭೇದಗಳ ಕೂಡಿಕೆ. ಅದರ ಜೀನೋಮಿನ ಮೊದಲ ಕರಡನ್ನು 2017ರಲ್ಲಿ ಪ್ರಕಟಿಸಿದ ತಂಡದ ಮುಂದಾಳತ್ವ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ್ದು. ರಾಗಿಯ ಒಂದು ಪೂರ್ವಜ ಹೊಲದ ಬದುಗಳಲ್ಲಿ ಇಂದಿಗೂ ಕಳೆಯಾಗಿ ಬೆಳೆಯುವ ಒಂದು ಹುಲ್ಲಿನ ವಂಶದ್ದು. ಇನ್ನೊಂದು ಪೂರ್ವಜನ ಗುರುತು ಇದುವರೆಗೆ ಖಚಿತವಾಗಿಲ್ಲ; ಅದು ಆಫ್ರಿಕಾದಲ್ಲಿ ಎಲ್ಲೋ ಉಳಿದಿರಬಹುದು, ಅಳಿದೇ ಹೋಗಿರಲೂಬಹುದು. ಉಳಿದಿದ್ದರೆ ಅದರ ಬೀಜ ಸಿಕ್ಕಬೇಕಾದ ಜಾಗ ಆ ಖಂಡದ ಹುಲ್ಲುಗಾವಲುಗಳು. ಬೆಂಕಿರೋಗಕ್ಕೆ ಎದುರು ನಿಲ್ಲುವ ರಾಗಿ ಬೇಕೆನ್ನುವ ಮಂಡ್ಯದ, ತುಮಕೂರಿನ ರೈತನಿಗೂ ಆ ಹುಲ್ಲುಗಾವಲು ಉಳಿಯಬೇಕೋ ಬೇಡವೋ ಎಂಬುದು ದೂರದ ಪ್ರಶ್ನೆಯಲ್ಲ.